ಹೀಲಿಯಂ, ಆರ್ಗಾನ್ ಮತ್ತು ನಾನು

ನನಗೆ ಐವತ್ತೊಂದು ವರ್ಷ, ಮದುವೆಯಾಗಿಲ್ಲ, ಯಾರು ಏನು ಕೇಳಿದರೂ ತಟ್ಟನೆ ಉತ್ತರ ಕೊಡುತ್ತೇನೆ. ಇದನ್ನು ಬುದ್ಧಿಯ ಚುರುಕೆಂದೇ ತಿಳಿದು ಬಹಳ ವರ್ಷ ಒಳಗೊಳಗೇ ಬೀಗಿದ್ದೆ. ಸೋಂದಾಕ್ಕೆ ಹೋಗಿಬರೋಣವೇ ಎಂದು ಕೇಳಿದವರು ಮಾತು ಮುಗಿಸುವುದರೊಳಗೆ ಚಪ್ಪಲಿ ಮೆಟ್ಟಿರುತ್ತಿದ್ದೆ. ಸಹೋದ್ಯೋಗಿಗಳು ‘ಮನೇಲಿ ಕೇಳಿ ಹೇಳ್ತೆ’ ಎಂದು ಎರಡು ದಿನ ಎಳೆಯುವುದನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದೆ. ನನ್ನ ಬಾಡಿಗೆ ಕೋಣೆಯಲ್ಲಿ ಕೇಳುವುದಕ್ಕೆ ಯಾರಿದ್ದರು ಹೇಳಿ.

ಈ ಚುರುಕಿನ ಬಣ್ಣ ಬಯಲು ಮಾಡಿದ್ದು ಅನಿಲಗಳು. ಶಿರಸಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಸ್ನಿಗ್ಧತೆ ನಮ್ಮ ಕಡೆಯವರಿಗೆ ಹೊಸದಲ್ಲ. ದೋಸೆ ತಣ್ಣಗಾದರೂ ಜೋನಿಬೆಲ್ಲ ಡಬ್ಬಿಯಿಂದ ಇಳಿಯದೆ ಸತಾಯಿಸುತ್ತದಲ್ಲ, ಅದೇ. ಆದರೆ ಅದಕ್ಕೊಬ್ಬ ತಮ್ಮನಿದ್ದಾನೆ, ಗಾತ್ರ ಸ್ನಿಗ್ಧತೆ ಎಂದು. ಅನಿಲ ಎಲ್ಲಿಗೂ ಹರಿಯಬೇಕಿಲ್ಲ. ಸುತ್ತಲಿಂದ ಒತ್ತಿ ಬಿಟ್ಟರೆ ಆ ಕುಗ್ಗುವ ಹಿಗ್ಗುವ ಕೆಲಸಕ್ಕೇ ಅದು ತೆಗೆಯುವ ತಕರಾರು ಇದು. ಪುಸ್ತಕಗಳು ಇವನನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೋ, ಇವನ ಹೆಸರು ಬಂದರೆ ಸಾಕು, ಮೈಯೆಲ್ಲ ಹುರುಪು.

ಹೀಲಿಯಂ, ಆರ್ಗಾನ್‌ಗಳು ಒಂಟಿ ಪರಮಾಣುಗಳು. ಒತ್ತಿದಾಗ ಸಿಕ್ಕ ಶಕ್ತಿಯೆಲ್ಲ ನೇರ ಓಟಕ್ಕೇ ಹೋಗುತ್ತದೆ. ಒಳಗೆ ಇಟ್ಟುಕೊಳ್ಳಲು ಜಾಗವೇ ಇಲ್ಲ. ಹಾಗಾಗಿ ತೆಳುವಾಗಿದ್ದಾಗ ಅವುಗಳ ಗಾತ್ರ ಸ್ನಿಗ್ಧತೆ ಸೊನ್ನೆ. ನೈಟ್ರೋಜನ್ ಇಬ್ಬರ ಸಂಸಾರ. ಬಂದದ್ದರಲ್ಲಿ ಒಂದು ಪಾಲು ಗಿರಗಿರ ತಿರುಗುವುದಕ್ಕೆ ಕೊಡಬೇಕು. ಇಂಗಾಲದ ಡೈಆಕ್ಸೈಡ್ ಮೂವರದು; ಅಲ್ಲಿ ಕಂಪನಕ್ಕೂ ಪಾಲುಂಟು, ಅದು ಸೇರುವುದು ಇನ್ನೂ ನಿಧಾನ. ಒಳಗೆ ಹೋದದ್ದು ತಿರುಗಿ ಬರುವಷ್ಟರಲ್ಲಿ ಹೊರಗಿನ ಒತ್ತಡವೇ ಬದಲಾಗಿರುತ್ತದೆ. ಆ ತಡದಿಂದಲೇ ಗಾತ್ರ ಸ್ನಿಗ್ಧತೆ.

ಸಿದ್ದಾಪುರಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದಾಗ ಇಷ್ಟನ್ನೂ ಅಲ್ಲಿಯ ರಸಾಯನಶಾಸ್ತ್ರದ ಸುಮಿತ್ರಾ ಮೇಡಂ ಎದುರು ಒಂದೇ ಉಸಿರಿಗೆ ಒದರಿದೆ. ಚಹಾ ಆರಿಹೋಯಿತು. ಅವರು ಕೊನೆಯವರೆಗೂ ಕೇಳಿ, ‘ಪಾಪ ಹೀಲಿಯಂ. ಅದ್ರ ಒಳಗೆ ಎಂತದೂ ಇಲ್ಯ?’ ಎಂದರು. ಹೀಲಿಯಂಗೆ ಅಯ್ಯೋ ಎಂದವರನ್ನು ನಾನು ಅದೇ ಮೊದಲು ಕಂಡದ್ದು. ಮೂರು ಪರೀಕ್ಷೆಗಳು ಕಳೆದ ಮೇಲೆ ಧೈರ್ಯ ಮಾಡಿ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಯೇಬಿಟ್ಟೆ.

‘ಮನಸ್ಸಿದ್ದು. ಆದ್ರೆ ಮನೇಲಿ ಕೇಳಿ ಹೇಳ್ತೆ’ ಎಂದರು.

ಅವರ ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಗಂಡನ ತಾಯಿ, ಹಾಸ್ಟೆಲಿನಲ್ಲಿ ಕಾಲೇಜು ಓದುವ ಮಗಳು; ಯಲ್ಲಾಪುರದಲ್ಲಿ ಮೈದುನ. ಮಗಳ ಒಪ್ಪಿಗೆ ಅಂದು ಸಂಜೆಯೇ ಸಿಕ್ಕಿತಂತೆ. ಮೈದುನನದು ಬರಲು ಎಂಟು ದಿನ. ಅತ್ತೆಯವರು ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ‘ಅತ್ತೆ ಬೇಡ ಅಂದ್ರೆ ಆನು ಬತ್ನಿಲ್ಲೆ’ ಎಂದು ಸುಮಿತ್ರಾ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು; ಬರುವುದಿಲ್ಲ ಎಂದರೆ ಬರುವುದಿಲ್ಲ. ಮರುದಿನ ಪಾಠ ಮಾಡುತ್ತ ಕರಿಹಲಗೆಯ ಮೇಲೆ ಆರ್ಗಾನ್‌ಗೆ ಎರಡು ಪರಮಾಣು ಬರೆದೆ. ತರಗತಿ ನಕ್ಕಿತು, ಅಳಿಸಿ ಮತ್ತೆ ಎರಡೇ ಬರೆದೆ.

ಹನ್ನೆರಡನೆಯ ದಿನ ಅತ್ತೆಯವರೇ ಫೋನು ಮಾಡಿದರು. ‘ತಮಾ, ಸುಮಿತ್ರ ಒಬ್ಳೇ ಬತ್ತಿಲ್ಲೆ. ಆನೂ ಬತ್ತೆ. ಎನ್ನ ಎಮ್ಮೆನೂ ಬತ್ತು. ನಿಂಗೆ ಅಡ್ಡಿಲ್ಯಾ?’

ಹೂಂ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಕೋಣೆ ಕಣ್ಣೆದುರು ಬಂತು, ಮಾಲೀಕರು ಬಂದರು, ಮೂರನೆಯ ಮಹಡಿ ಹತ್ತುವ ಎಮ್ಮೆ ಬಂತು. ಆಮೇಲೆ ಬೆಳಗಿನ ಚಹಾಕ್ಕೆ ಕೂತ ಮೂವರು ಬಂದರು. ಅಲ್ಲಿ ಮನಸ್ಸು ಸ್ವಲ್ಪ ಹೊತ್ತು ನಿಂತುಬಿಟ್ಟಿತು. ದಟ್ಟವಾಗಿ ಒತ್ತಿದರೆ ಆರ್ಗಾನ್‌ಗೂ ಗಾತ್ರ ಸ್ನಿಗ್ಧತೆ ಬರುತ್ತದೆ, ಸುತ್ತಲಿನವರು ಅಷ್ಟು ಹತ್ತಿರವಾಗಿರುತ್ತಾರೆ. ಇದನ್ನು ವರ್ಷವರ್ಷವೂ ಪಾಠ ಮಾಡಿದವನು ನಾನೇ.

‘ಅಡ್ಡಿಲ್ಲೆ’ ಎಂದೆ ಕೊನೆಗೆ.

‘ತಡ ಆತು ಅಂತ ಬೇಜಾರ ಮಾಡ್ಕಳಡ,’ ಎಂದರು ಅವರು. ‘ತಟ್ಟನೆ ಹೂಂ ಅಂದಿದ್ರೆ ಆನು ಸೊಸೆನ ಕಳಿಸ್ತಿದ್ನಿಲ್ಲೆ.’