ಸೀನಿದಾಗ ಮುರಿದ ಪಕ್ಕೆಲುಬು

ಸೀನಿ ಪಕ್ಕೆಲುಬು ಮುರಿದುಕೊಂಡವನು ಇಡೀ ಪೀಣ್ಯದಲ್ಲಿ ನಾನೊಬ್ಬನೇ ಇರಬೇಕು. ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ರಸ್ತೆಯೆಲ್ಲ ಧೂಳು, ಎಲ್ಲರಿಗೂ ಸೀನು. ಗೇರ್ ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಉಳಿದವರು ಸೀನಿ ಮೂಗೊರೆಸಿಕೊಂಡರು. ನಾನು ಎದೆ ಹಿಡಿದು ಕೂತುಬಿಟ್ಟೆ. ಆಗ ನನಗೆ ನಲವತ್ತಾರು.

ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರಿಗೆ ಮುರಿದ ಜಾಗಕ್ಕಿಂತ ಮುರಿಯದ ಮೂಳೆಗಳ ಬಗ್ಗೆಯೇ ಅನುಮಾನ ಬಂತು. ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಸ್ಕ್ಯಾನ್ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಕೊನೆಗೆ ಹಾರ್ಮೋನ್ ತಜ್ಞೆಯೊಬ್ಬರ ಬಳಿ ಕಳಿಸಿದರು. ಹೆಂಡತಿ ಸರೋಜಳೂ ಜೊತೆಗೆ ಬಂದಳು.

ಆ ಡಾಕ್ಟರಮ್ಮನ ಪ್ರಶ್ನೆಗಳು ವಿಚಿತ್ರವಾಗಿದ್ದವು. "ದಿನಾ ಶೇವ್ ಮಾಡ್ತೀರಾ?"

"ವಾರಕ್ಕೊಂದ್ಸಲ, ಮೇಡಂ." ನನ್ನದು ತೆಳುವಾದ ಮೀಸೆ. ಆದರೂ ಇದೆಯಲ್ಲ ಎಂಬ ಹೆಮ್ಮೆಯಲ್ಲೇ ಅಷ್ಟು ವರ್ಷ ಕಳೆದಿದ್ದೆ.

"ಮಂಗನಬಾವು ಬಂದಿತ್ತಾ?"

ಬಂದಿತ್ತು, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಕೆನ್ನೆಯ ಜೊತೆ ವೃಷಣಗಳೂ ಊದಿಕೊಂಡು ಹದಿನೈದು ದಿನ ಮಲಗಿದ್ದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಸರೋಜಳಿಗೂ. ಅವತ್ತು ಡಾಕ್ಟರಮ್ಮನಿಗೆ ಹೇಳಿದೆ.

"ಅಲ್ಲೇ ಆಗಿದೆ ನೋಡಿ ಪೆಟ್ಟು," ಎಂದರು. "ಮಕ್ಕಳು?"

"ಇಲ್ಲ," ಎಂದೆ.

ಮೂಳೆಯೆಂದರೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ದೇಹ ಅದನ್ನು ದಿನವೂ ಅಷ್ಟಷ್ಟೇ ಕೆಡವಿ ಅಷ್ಟಷ್ಟೇ ಕಟ್ಟುತ್ತಿರುತ್ತದಂತೆ. ವೃಷಣಗಳಲ್ಲಿ ತಯಾರಾಗುವ ಟೆಸ್ಟೋಸ್ಟಿರಾನ್ ಎಂಬ ಗಂಡಸಿನ ಹಾರ್ಮೋನ್ ಕಮ್ಮಿಯಾದರೆ ಕೆಡವುವುದು ಮುಂದೆ ಓಡುತ್ತದೆ, ಕಟ್ಟುವುದು ಹಿಂದೆ ಬೀಳುತ್ತದೆ. ಮೂರು ವಾರಕ್ಕೊಂದು ಇಂಜೆಕ್ಷನ್, ದಿನಕ್ಕಿಷ್ಟು ಕ್ಯಾಲ್ಸಿಯಂ, ಆಗಾಗ ರಕ್ತದ ಮತ್ತು ಪ್ರಾಸ್ಟೇಟಿನ ತಪಾಸಣೆ. "ಮೂಳೆ ಗಟ್ಟಿಯಾಗುತ್ತೆ," ಎಂದರು ಡಾಕ್ಟರು. "ಆದ್ರೆ ಇದ್ರಿಂದ ಮಕ್ಕಳಾಗುತ್ತೆ ಅಂತ ಮಾತ್ರ ಅಂದ್ಕೋಬೇಡಿ."

ವಾಪಸು ಬರುವಾಗ ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ನಮ್ಮ ಬಸ್ಸು ನಿಂತೇ ಇತ್ತು. ಮದುವೆಯಾದ ಮೇಲೆ ಸರೋಜ ಎರಡು ಆಸ್ಪತ್ರೆ ಹತ್ತಿ ಇಳಿದಿದ್ದಳು, ಅಶ್ವತ್ಥಕಟ್ಟೆ ಸುತ್ತಿದ್ದಳು, ನನ್ನಮ್ಮನ ಬಾಯಲ್ಲಿ 'ಬಂಜೆ' ಅನ್ನಿಸಿಕೊಂಡಿದ್ದಳು. ಕಾರ್ಖಾನೆಯಲ್ಲಿ ದಿನಕ್ಕೆ ನೂರಾರು ಗೇರು ಅಳೆದು ಸರಿ ತಪ್ಪು ಹೇಳುತ್ತಿದ್ದ ನಾನು, ನನ್ನನ್ನು ಒಂದು ಸಲವೂ ಪರೀಕ್ಷೆಗೆ ಒಡ್ಡಿಕೊಂಡಿರಲಿಲ್ಲ.

"ತೊಂದ್ರೆ ನಿಂದಲ್ಲ ಕಣೇ," ಎಂದೆ.

"ಗೊತ್ತಿತ್ತು ಕಣ್ರೀ. ನನ್ನ ರಿಪೋರ್ಟೆಲ್ಲ ಸರಿಯಾಗೇ ಇತ್ತಲ್ಲ. ನೀವೂ ಒಂದ್ಸಲ ತೋರಿಸ್ಕೊಳ್ಳಿ ಅಂದಿದ್ದಕ್ಕೆ ಮೂರು ದಿನ ಊಟ ಬಿಟ್ರಿ. ಆಮೇಲೆ ಕೇಳ್ಲಿಲ್ಲ."

ಅವಳು ಅತ್ತಿದ್ದರೆ ನನಗೆ ಸುಲಭವಿತ್ತು.

ಮುಂದಿನ ತಿಂಗಳು ನೆಲಮಂಗಲದಲ್ಲಿ ನನ್ನ ಕೊನೆಯ ತಮ್ಮನ ಮಗುವಿಗೆ ನಾಮಕರಣ. ಇಂಥ ದಿನಗಳಲ್ಲಿ ತೊಟ್ಟಿಲಿನ ಹತ್ತಿರ ಸರೋಜಳನ್ನು ಯಾರೂ ಕರೆಯುತ್ತಿರಲಿಲ್ಲ. ಅವಳೂ ತಾನಾಗಿಯೇ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅವತ್ತೂ ಹೋದಳು. ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತಿದ್ದಾಗ ನಾನು ಅಮ್ಮನ ಮುಂದೆ ಹೋಗಿ ನಿಂತೆ.

"ಅಮ್ಮ, ಮಕ್ಕಳಾಗದೇ ಇದ್ದದ್ದು ನನ್ನಿಂದ. ಡಾಕ್ಟ್ರು ಹೇಳಿದ್ರು. ಸರೋಜಂಗೆ ಏನೂ ತೊಂದ್ರೆ ಇರ್ಲಿಲ್ಲ. ಇನ್ಮೇಲೆ ಅವಳಿಗೆ ಯಾರೂ ಏನೂ ಅನ್ಬಾರ್ದು."

"ಮೆತ್ತಗೆ ಮಾತಾಡೋ, ಜನ ಅವ್ರೆ," ಎಂದಳು ಅಮ್ಮ.

"ಅವ್ರೂ ಕೇಳ್ಲಿ."

ಎಲ್ಲರೂ ಕೇಳಿದರು. ಅಮ್ಮ ಸ್ವಲ್ಪ ಹೊತ್ತು ಸೆರಗಿನ ತುದಿಯನ್ನೇ ತಿರುವುತ್ತಿದ್ದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ, "ಸರೋಜ, ಕೈ ತೊಳ್ಕೊಂಡು ಬಾರವ್ವ. ಮಗೀನ ನೀನೇ ತೊಟ್ಟಿಲಿಗೆ ಹಾಕು," ಎಂದಳು. ಕ್ಷಮೆ ಕೇಳಲಿಲ್ಲ, ನನ್ನಮ್ಮನಿಗೆ ಆ ಅಭ್ಯಾಸವಿಲ್ಲ. ಸರೋಜ ಒದ್ದೆ ಕೈಯನ್ನು ಒರೆಸಿ ಒರೆಸಿ ಒಣಗಿಸಿ ಮಗುವನ್ನು ಎತ್ತಿಕೊಂಡಳು. ತೊಟ್ಟಿಲಿಗೆ ಹಾಕಲು ಅವಳಿಗೆ ಏನೂ ಅವಸರವಿದ್ದಂತೆ ಕಾಣಲಿಲ್ಲ.

ಒಂದೂವರೆ ವರ್ಷದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿದರು. ಮೂಳೆ ಸುಧಾರಿಸಿದೆ, ಇಂಜೆಕ್ಷನ್ ಮುಂದುವರಿಸಿ ಎಂದರು. ಈಗ ಸೊಂಟದ ಕೆಳಗೆ ಸೂಜಿ ಚುಚ್ಚಿಸಿಕೊಳ್ಳುವುದರಲ್ಲಿ ನಾನು ಪಳಗಿದವನು. ಮೊದಲ ಸಲ ಮಾತ್ರ ಹಲ್ಲು ಕಚ್ಚಿ, ಮೈಯೆಲ್ಲ ಬಿಗಿ ಮಾಡಿಕೊಂಡು ಮಲಗಿದ್ದೆ. ಗಂಡಸು ಹಾಗೆಯೇ ಮಲಗಬೇಕು ಎಂದುಕೊಂಡಿದ್ದೆ. ನರ್ಸಮ್ಮ ಬೆನ್ನು ತಟ್ಟಿ, "ಬಿಗಿ ಹಿಡಿದಷ್ಟೂ ನೋವು ಜಾಸ್ತಿ ಸಾರ್. ಸಡಿಲ ಬಿಡಿ," ಎಂದಿದ್ದರು.

ಬಿಟ್ಟೆ. ನಿಜವಾಗಿಯೂ ಅಷ್ಟೇನೂ ನೋಯಲಿಲ್ಲ. ಈ ಮಾತನ್ನು ಯಾರಾದರೂ ನನ್ನ ಮದುವೆಯ ದಿನವೇ ಹೇಳಿದ್ದರೆ ಚೆನ್ನಾಗಿತ್ತು.