ಬಿಟ್ಟುಹೋದ ‘ಳ’ ಹೊಲಿದ ಎಳೆಯಕ್ಕ

ಬೆಳಗಿನ ಬೆಳಕು ಇನ್ನೂ ಮೆಟ್ಟಿಲ ಅಡಿಗೆ ಇಳಿದಿಲ್ಲ. ಹಳೆಯ ಅಂಗಡಿ ಕಟ್ಟಡವೊಂದರ ನೆಲಮಹಡಿಯಲ್ಲಿ, ಲಿಫ್ಟಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಮೆಟ್ಟಿಲ ಕೆಳಗಿನ ಮೂಲೆಯಲ್ಲೊಂದು ಹೊಲಿಗೆ ಯಂತ್ರ. ಎದ್ದು ನಿಂತರೆ ತಲೆಗೆ ಕಾಂಕ್ರೀಟು ಬಡಿಯುತ್ತದೆ, ಹಾಗಾಗಿ ಅಂಗಡಿಯ ಒಡತಿ ಎಲ್ಲವನ್ನೂ ಕೂತೇ ಮಾಡುತ್ತಾರೆ. ಯಂತ್ರದ ಮೇಲೆ ನೂಲಿನ ಉಂಡೆಗೆ ಒರಗಿಸಿಟ್ಟ ಫೋನು. ಕೈಯಲ್ಲಿ ಯಾರದೋ ಕೋಟು. ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚುತ್ತ, ನಡುನಡುವೆ ಫೋನಿನ ಮೇಲೆ ಕಣ್ಣು ಹಾಯಿಸುತ್ತ ಇದ್ದವರು ಇದ್ದಕ್ಕಿದ್ದಂತೆ ನಗುತ್ತಾರೆ.

“ರಾತ್ರಿಯೆಲ್ಲ ಗುದ್ದಾಡಿದ್ದಾರೆ. ಹಾರೋ ಕಾರು ಬಂದ್ರೆ ಅದಕ್ಕೆ ಹಾರ್ನ್ ಬೇಕಾ ಬೇಡ್ವಾ ಅಂತ.”

ಐವತ್ತು ದಾಟಿದ ಇವರ ವೃತ್ತಿ ಹೊಸ ಬಟ್ಟೆ ಹೊಲಿಯುವುದಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಕೈಕೊಟ್ಟ ಜಿಪ್ಪುಗಳಿಗೆ ಬುದ್ಧಿ ಹೇಳುವುದು. ಇದು ಹೊಟ್ಟೆಪಾಡು. ಇನ್ನೊಂದು ಕೆಲಸಕ್ಕೆ ಕೂಲಿಯಿಲ್ಲ, ಹೊಗಳಿಕೆಯಂತೂ ಕೇಳಲೇಬೇಡಿ. ‘ಬಾನಂಗಳ’ ಎಂಬ ಆನ್‌ಲೈನ್ ಹರಟೆಯ ಗುಂಪಿಗೆ ಇವರು ಅಡ್ಮಿನ್. ತಂತ್ರಜ್ಞಾನ, ಅಂತರಿಕ್ಷ, ವಿಜ್ಞಾನದ ಕಟ್ಟುಕಥೆಗಳು, ಇವಿಷ್ಟರ ಬಗ್ಗೆ ಸಾವಿರಾರು ಜನ ಅಲ್ಲಿ ದಿನವಿಡೀ ವಾದ ಮಾಡುತ್ತಾರೆ. ಒಂದೊಂದು ವಾದಕ್ಕೂ ಅಲ್ಲಿ ‘ಎಳೆ’ ಎಂದು ಹೆಸರು. ಒಂದು ಎಳೆಯೊಳಗೆ ಇನ್ನೊಂದು ಸಿಕ್ಕಿಕೊಂಡಾಗ ಬಿಡಿಸುವುದು, ಬೈಗುಳ ಕಂಡರೆ ಕತ್ತರಿಸುವುದು ಇವರ ಪಾಲಿಗೆ ಬಂದ ಚಾಕರಿ. ಹೀಗಾಗಿ ಎಳೆಯಕ್ಕ. “ಈ ವಯಸ್ಸಲ್ಲಿ ನನ್ನ ಎಳೆಯ ಅಂತ ಕರೆಯೋರು ಗುಂಪಿನೋರು ಮಾತ್ರ. ಬಿಟ್ಟುಕೊಡೋಕಾಗುತ್ತಾ?” ಎನ್ನುತ್ತಾರೆ.

ಈ ಗುಂಪಿಗೆ ಅವರನ್ನು ಕರೆತಂದದ್ದು ಒಂದು ಜಿಪ್ಪು. ಬಾನಂಗಳ ಕಟ್ಟಿದ ವಿಜ್ಞಾನದ ಮೇಷ್ಟ್ರು ಶಾಲೆಗೆ ಹೊರಟಿದ್ದಾಗ ಚೀಲದ ಜಿಪ್ಪು ಕಿತ್ತುಹೋಗಿ ಇಲ್ಲಿಗೆ ಬಂದರಂತೆ. ಕಾಯುತ್ತ ಕೂತವರು ಸುಮ್ಮನಿರಲಾರದೆ ಅಂತರಿಕ್ಷದಲ್ಲಿ ಭಾರವೇ ಇರುವುದಿಲ್ಲ ಎಂದು ವಿವರಿಸತೊಡಗಿದರು. ತುಟಿಯ ನಡುವೆ ಸೂಜಿ ಕಚ್ಚಿಕೊಂಡಿದ್ದ ಎಳೆಯಕ್ಕ ಅದನ್ನು ತೆಗೆದು, ಹಾಗಾದರೆ ಅಲ್ಲಿ ಸೂಜಿ ಕೈತಪ್ಪಿದರೆ ಎಲ್ಲಿ ಹುಡುಕಬೇಕು ಎಂದು ಕೇಳಿದರು. ಮೇಷ್ಟ್ರಿಗೆ ಖುಷಿಯೋ ಖುಷಿ. ಅಲ್ಲೇ ಕೂತು ಅವರ ಫೋನಿನಿಂದಲೇ ಪ್ರಶ್ನೆ ಹಾಕಿಸಿದರು. ಆ ಸೂಜಿಯ ಹಿಂದೆ ಗುಂಪು ಒಂದು ವಾರ ಅಲೆದಾಡಿತು.

ಎಳೆಯಕ್ಕನನ್ನು ಸರ್ವಜ್ಞೆ ಎಂದುಕೊಳ್ಳಬೇಡಿ. ಜ್ಯೋತಿರ್ವರ್ಷ ಅಂದರೆ ಕಾಲದ ಲೆಕ್ಕ ಎಂದು ಬಹಳ ದಿನ ವಾದಿಸಿ, ಅದು ದೂರದ ಲೆಕ್ಕ ಎಂದು ತಿಳಿದ ಮೇಲೆ “ಹೆಸರಿಟ್ಟೋರದ್ದೇ ತಪ್ಪು” ಎಂದು ಕೈತೊಳೆದುಕೊಂಡವರು. ಬೇರೆ ಲೋಕದ ಜೀವಿಗಳು ಇದ್ದೇ ಇದ್ದಾರೆ ಎಂಬ ಅವರ ಹಟವನ್ನು ಮೇಷ್ಟ್ರಿಂದಲೂ ಅಲುಗಾಡಿಸಲು ಆಗಿಲ್ಲ. ಪಕ್ಕದಲ್ಲಿ ಗುಂಡಿ ಹಚ್ಚುವ ನಾದಿನಿಗೆ ಇದೆಲ್ಲ ದಿನನಿತ್ಯದ ತಮಾಷೆ. “ಅತ್ತಿಗೆಗೆ ಚಂದ್ರನ ಮೇಲಿನ ಹಳ್ಳಗಳೆಲ್ಲ ಗೊತ್ತು. ಅಂಗಡಿ ಮುಂದಿನ ಹಳ್ಳಕ್ಕೆ ಮಾತ್ರ ದಿನಾ ಕಾಲು ಹಾಕ್ತಾರೆ” ಎಂದು ಅವರು ನನ್ನೆದುರೇ ಕಾಲೆಳೆಯುತ್ತಾರೆ.

ಮೆಟ್ಟಿಲ ಕೆಳಗಿನ ಈ ಗೂಡು ಇಷ್ಟಪಟ್ಟು ಹುಡುಕಿದ ಜಾಗವಲ್ಲ. ಮೊದಲು ಎಳೆಯಕ್ಕ ದೊಡ್ಡ ಉಡುಪು ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು. ಒಂದು ದಿನ ಅವರ ಸಾಲಿನ ಜಾಗಕ್ಕೆ ತಾನೇ ಕಾಲರ್ ಹೊಲಿಯುವ ಯಂತ್ರ ಬಂತು. ಇಡೀ ಸಾಲನ್ನು ಮನೆಗೆ ಕಳಿಸಿದರು. ಶಾಲಾ ಬಸ್ಸು ಓಡಿಸುವ ಗಂಡನ ಸಂಬಳ ಬಾಡಿಗೆಗೇ ಸರಿಹೋಗುತ್ತಿತ್ತು. ವರ್ಷಗಟ್ಟಲೆ ಮನೆಮನೆಯ ಹರಿದ ಬಟ್ಟೆ ಹೊತ್ತು ತಂದು ಹೊಲಿದ ಮೇಲೆ ಸಿಕ್ಕಿದ್ದು ಈ ಮೂಲೆ. “ಆ ಯಂತ್ರ ಚೆನ್ನಾಗೇ ಹೊಲೀತಿತ್ತು, ಸುಳ್ಳು ಹೇಳಲ್ಲ. ಆದ್ರೆ ನಮ್ಮನ್ನ ಕಳಿಸೋ ದಿನ ಒಬ್ಬರೂ ನಮ್ಮ ಮುಖ ನೋಡಲಿಲ್ಲ” ಎನ್ನುವಾಗ ಅವರ ಬ್ಲೇಡು ಒಂದು ಕ್ಷಣ ನಿಲ್ಲುತ್ತದೆ.

ಈ ಹಳೆಯ ನೋವು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಬಾನಂಗಳದಲ್ಲಿ ಎಂದೂ ಮುಗಿಯದ ವಾದ ಒಂದಿದೆ. ಮಂಗಳ ಗ್ರಹಕ್ಕೆ ಮನುಷ್ಯರು ಹೋಗಬೇಕು ಅನ್ನುವವರು ‘ಮಂಗಳ ಪಕ್ಷ’. ಜೀವ ಪಣಕ್ಕಿಡುವುದು ಬೇಡ, ಯಂತ್ರಗಳೇ ಹೋಗಿ ಬರಲಿ ಅನ್ನುವವರು ‘ಯಂತ್ರ ಪಕ್ಷ’. ಎಳೆಯಕ್ಕ ಯಾವ ಪಕ್ಷ ಎಂದು ಕೇಳಬೇಕಾಗಿಲ್ಲ. ಯಂತ್ರ ಪಕ್ಷಕ್ಕೆ ಹಿರಿಯರೊಬ್ಬರಿದ್ದಾರೆ, ಕಟ್ಟಡ ಕಟ್ಟುವಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಗುಂಪಿಗೆಲ್ಲ ಅವರು ಕ್ರೇನ್ ಮಾವ. ಕಳೆದ ವರ್ಷ ಒಂದು ಸಂಜೆ ಅವರು ಹೀಗೆ ಬರೆದರು: ‘ಮಂಗ ಪಕ್ಷದ ಎಲ್ಲರಿಗೂ ನಮಸ್ಕಾರ. ನಿಮ್ಮ ವಾದ ಓದಿದೆ. ನೀವು ಹೋಗುವುದು ಬೇಡ, ಯಂತ್ರ ಹೋಗಲಿ.’

ಒಂದು ಅಕ್ಷರ ಬಿದ್ದುಹೋಗಿತ್ತು. ಬೇರೆ ಯಾವ ಗುಂಪಿನಲ್ಲಾದರೂ ನಕ್ಕು ಮುಂದೆ ಹೋಗುತ್ತಿದ್ದರು. ಆದರೆ ಬಾನಂಗಳದವರು ತಿಳಿದವರು. ಮನುಷ್ಯರಿಗಿಂತ ಮೊದಲು ರಾಕೆಟ್ಟಿನಲ್ಲಿ ಮಂಗಗಳನ್ನು ಕೂರಿಸಿ ಹಾರಿಸಿದ್ದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಆದ್ದರಿಂದ ಇದು ಕೈತಪ್ಪು ಎಂದು ಯಾರಿಗೂ ಹೊಳೆಯಲೇ ಇಲ್ಲ. ಬಹಳ ಜಾಣ ಕುಟುಕು ಎಂದುಕೊಂಡರು. ಮಂಗಳ ಪಕ್ಷದ ಔಷಧಿ ಅಂಗಡಿಯವನು ತಕ್ಷಣ, ಮಂಗ ಯಾರೆಂದು ಕನ್ನಡಿ ನೋಡಿಕೊಳ್ಳಿ ಎಂದು ಬರೆದ. ತಲೆಬುಡ ತಿಳಿಯದ ಕ್ರೇನ್ ಮಾವ, ‘ಸತ್ಯ ಬರೆದರೆ ಸಿಟ್ಟು ಯಾಕೆ?’ ಎಂದರು. ಅವರು ಹೇಳಿದ್ದು ಯಂತ್ರ ಹೋಗಲಿ ಎಂಬ ಸತ್ಯದ ಬಗ್ಗೆ. ಓದಿದವರಿಗೆ ಅದು ಉರಿವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಆ ಹೊತ್ತಿಗೆ ಎಳೆಯಕ್ಕ ಇಸ್ತ್ರಿ ಹಾಕುತ್ತಿದ್ದರು. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಫೋನು. ಯಂತ್ರದ ಪರ ಮಾತಾಡುವವರು ಕೆಲಸ ಹೋದವರನ್ನು ಮಂಗ ಎಂದೂ ಕರೆಯುತ್ತಾರಲ್ಲ ಎಂದು ಮೈ ಉರಿಯಿತು. ಮೇಲೆ ಕೆಳಗೆ ಓದದೆ ಹೆಬ್ಬೆರಳು ಒತ್ತಿ ಕ್ರೇನ್ ಮಾವನನ್ನು ಗುಂಪಿನಿಂದ ಹೊರಗೆ ಹಾಕಿಬಿಟ್ಟರು.

ಆಮೇಲೆ ನಡೆದದ್ದು ಜಗಳವಲ್ಲ, ಜಾತ್ರೆ. ಅಡ್ಮಿನ್ ಪಕ್ಷಪಾತ ಮಾಡಿದರು ಎಂದು ಯಂತ್ರ ಪಕ್ಷದವರು ಸಾಲುಸಾಲಾಗಿ ಗುಂಪು ಬಿಟ್ಟರು. ಉಳಿದವರು ಅಂತರಿಕ್ಷ ಮರೆತು ಒಬ್ಬರ ಜನ್ಮ ಇನ್ನೊಬ್ಬರು ಜಾಲಾಡತೊಡಗಿದರು. ಬೇಸತ್ತ ಮೇಷ್ಟ್ರು, ಭಾನುವಾರ ಬಾನಂಗಳಕ್ಕೆ ಬಾಗಿಲು ಹಾಕುತ್ತೇನೆ ಎಂದು ಎರಡೇ ಸಾಲು ಬರೆದು ಸುಮ್ಮನಾದರು.

“ನಂಗೆ ಅಳು ಬಂತು” ಎನ್ನುತ್ತಾರೆ ಎಳೆಯಕ್ಕ. “ಇಲ್ಲಿಗೆ ಬರೋರೆಲ್ಲ ಎಷ್ಟು ಹೊತ್ತಾಗುತ್ತೆ, ಯಾವಾಗ ಕೊಡ್ತೀಯ, ಇಷ್ಟೇ ಕೇಳೋದು. ಅದು ತಪ್ಪಲ್ಲ ಬಿಡಿ. ಆದ್ರೆ ನಿನಗೇನನ್ಸುತ್ತೆ ಅಂತ ನನ್ನ ಕೇಳೋ ಜಾಗ ಇದ್ದಿದ್ದು ಅದೊಂದೇ.”

ಶನಿವಾರ ಬೆಳಗ್ಗೆ ಅವರು ಅಂಗಡಿಗೆ ಬೇಗ ಬಂದರು. ಕೈಯಲ್ಲಿ ಒಂದು ಹಳೆ ಕೋಟು, ಎದುರಿಗೆ ಫೋನು. ಬಟ್ಟೆ ಬಿಚ್ಚುವುದಕ್ಕೆ ಅವರದೊಂದು ಕ್ರಮವಿದೆ. ಎಲ್ಲಿ ಗಂಟು ಕಾಣುತ್ತದೋ ಅಲ್ಲಿಗೆ ಬ್ಲೇಡು ಹಾಕುವುದಿಲ್ಲ. ಹೊಲಿಗೆ ಮುಗಿದ ತುದಿ ಹುಡುಕಿ, ಅಲ್ಲಿಂದ ಹಿಂದಕ್ಕೆ ಹಿಂದಕ್ಕೆ ಬರುತ್ತಾರೆ. ಮಧ್ಯದಲ್ಲಿ ಕತ್ತರಿಸಿದರೆ ಬಟ್ಟೆಯೇ ಹರಿಯುತ್ತದಂತೆ. ಆ ದಿನ ಜಗಳವನ್ನೂ ಹಾಗೇ ಓದಿದರು. ಕಟ್ಟಕಡೆಯ ಬೈಗುಳ ಯಾವುದಕ್ಕೆ ಉತ್ತರ, ಅದರ ಹಿಂದಿನದು ಯಾವುದಕ್ಕೆ ಎಂದು ಒಂದೊಂದೇ ಬಿಚ್ಚುತ್ತ ಬಂದರೆ, ಎಲ್ಲರೂ ಎರಡನೇ ಮಾತಿನಿಂದ ಜಗಳ ಹಿಡಿದಿದ್ದಾರೆ. ಮೊದಲ ಮಾತನ್ನು ಯಾರೂ ಎರಡು ಸಲ ಓದಿಲ್ಲ. ಆ ಮೊದಲ ಮಾತಿನಲ್ಲಿ ಬೈಯುವವರು ನಮಸ್ಕಾರ ಯಾಕೆ ಹೇಳಿದರು? ಅನುಮಾನ ಬಂದು ಇನ್ನೂ ಹಿಂದಕ್ಕೆ ಹೋದರು. ತಿಂಗಳುಗಳ ಹಿಂದೆ ಇದೇ ಕ್ರೇನ್ ಮಾವ ಒಂದು ಪ್ರಶ್ನೆ ಕೇಳಿದ್ದರು: ‘ಮಂಗನ ಮಣ್ಣು ಯಾಕೆ ಕೆಂಪು?’ ಅದರ ಕೆಳಗೆ ಮೇಷ್ಟ್ರು, ಆ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಇದೆ ಎಂದು ಗಂಭೀರವಾಗಿ ಉತ್ತರ ಕೊಟ್ಟಿದ್ದರು. ಆ ದಿನ ಯಾರ ಮನಸ್ಸಿನಲ್ಲೂ ಜಗಳ ಇರಲಿಲ್ಲ. ಇಲ್ಲದ ‘ಳ’ವನ್ನು ಎಲ್ಲರೂ ತಾವೇ ಸೇರಿಸಿಕೊಂಡು ಓದಿದ್ದರು.

ಕೋಟು ಪಕ್ಕಕ್ಕಿಟ್ಟು ಕ್ರೇನ್ ಮಾವನಿಗೆ ಫೋನ್ ಮಾಡಿದರು. ಆ ಕಡೆಯಿಂದ ಮುದಿ ದನಿಯೊಂದು, “ನಮಸ್ಕಾರ ಅಂದಿದ್ದಕ್ಕೆ ಹೊರಗೆ ಹಾಕಿದ್ರಲ್ಲಮ್ಮ, ಈಗ ಏನನ್ಲಿ?” ಎಂದು ಕೇಳಿತು. ಎಳೆಯಕ್ಕ ತಪ್ಪಾಯಿತು ಎಂದು ನೇರವಾಗಿ ಹೇಳಿ, ಬಿದ್ದುಹೋದ ಅಕ್ಷರದ ವಿಷಯ ತಿಳಿಸಿದರು. ಕ್ರೇನ್ ಮಾವನ ಫೋನಿನ ಗಾಜು ‘ಳ’ ಇರುವ ಮೂಲೆಯಲ್ಲೇ ಒಡೆದಿತ್ತು. ಎರಡು ಸಲ ಒತ್ತಿದರೆ ಒಂದು ಸಲ ಮೂಡುತ್ತಿತ್ತು. ಮಾತು ಮುಂದುವರಿದಾಗ, ಮನುಷ್ಯರು ಹೋಗುವುದೇ ಬೇಡ ಎಂದು ಯಾಕಿಷ್ಟು ಹಟ ಎಂದು ಎಳೆಯಕ್ಕ ಕೇಳಿದರು.

“ನನ್ನ ಜೊತೆಗಾರ ಒಬ್ಬ ಮೇಲಿಂದ ಬಿದ್ದ. ನಾನು ನೋಡ್ತಾನೇ ಇದ್ದೆ” ಎಂದರು ಕ್ರೇನ್ ಮಾವ. “ಯಂತ್ರ ಬಿದ್ರೆ ಅದರ ಮನೇಲಿ ಕಾಯೋರು ಯಾರೂ ಇರಲ್ಲಮ್ಮ.”

ಯಂತ್ರದಿಂದ ಕೆಲಸ ಕಳೆದುಕೊಂಡವರು ಮನುಷ್ಯರ ಪರ, ಮನುಷ್ಯನನ್ನು ಕಳೆದುಕೊಂಡವರು ಯಂತ್ರದ ಪರ. ಇಬ್ಬರೂ ಇಷ್ಟು ದಿನ ರಾಕೆಟ್ಟಿನ ಬಗ್ಗೆ ಮಾತ್ರ ವಾದ ಮಾಡಿದ್ದರು.

ಎಳೆಯಕ್ಕ ಕ್ರೇನ್ ಮಾವನನ್ನು ಮತ್ತೆ ಒಳಗೆ ಸೇರಿಸಿದರು. ಬಿಟ್ಟುಹೋದವರನ್ನೂ ಒಬ್ಬೊಬ್ಬರಾಗಿ ಕರೆದರು. ಏನೋ ಪಾಠ ಹೇಳುತ್ತಾರೆ ಎಂದು ಎಲ್ಲರೂ ಸೆಟೆದು ಕೂತಿದ್ದಾಗ, ಅವರು ಗುಂಪಿನಲ್ಲಿ ಒಂದೇ ಅಕ್ಷರ ಹಾಕಿದರು: ‘ಳ’. ಅದರ ಕೆಳಗೆ ಕ್ರೇನ್ ಮಾವನ ಮೊದಲ ಸಾಲು. ಅದರ ಕೆಳಗೆ, ಹೊರಗೆ ಹಾಕಿದ್ದು ನನ್ನ ತಪ್ಪು ಎಂದು ಇನ್ನೊಂದು ಸಾಲು.

ಮೊದಲು ಔಷಧಿ ಅಂಗಡಿಯವನು ಬರೆದ, ‘ಮಾವ, ಮಂಗ ನಾನೇ.’ ಅಷ್ಟು ಸಾಕಾಯಿತು. ಮಂಗ ನೀನೊಬ್ಬನೇ ಅಲ್ಲ, ನಾನೂ ಇದ್ದೇನೆ ಎಂದು ಎರಡು ಪಕ್ಷದವರೂ ಪೈಪೋಟಿಯ ಮೇಲೆ ಹೆಸರು ಕೊಡತೊಡಗಿದರು. ಕಬ್ಬಿಣದ ತುಕ್ಕಿನ ಉತ್ತರ ಕೊಟ್ಟಿದ್ದ ಮೇಷ್ಟ್ರು ಮಂಗಗಳ ಮುಖ್ಯೋಪಾಧ್ಯಾಯ ಎಂದು ರುಜು ಹಾಕಿದರು. ಮೆಟ್ಟಿಲ ಕೆಳಗೆ ಎಳೆಯಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರಂತೆ. ಖುಷಿಯಲ್ಲಿ ಎದ್ದು ನಿಂತು ತಲೆಗೆ ಕಾಂಕ್ರೀಟು ಬಡಿಸಿಕೊಂಡರು ಎಂದು ನಾದಿನಿ ಸೇರಿಸುತ್ತಾರೆ. ಭಾನುವಾರ ಬಂತು, ಹೋಯಿತು. ಬಾಗಿಲು ಹಾಕುವ ಮಾತನ್ನು ಯಾರೂ ಎತ್ತಲಿಲ್ಲ.

ಆ ‘ಳ’ ಇವತ್ತು ಬಾನಂಗಳದ ಕಾನೂನು. ಮಾತು ಬಿಸಿಯಾಗುತ್ತಿದೆ ಎನಿಸಿದರೆ ಯಾರಾದರೂ ಒಬ್ಬರು ‘ಳ’ ಎಂದು ಬರೆಯುತ್ತಾರೆ. ಏನೋ ಬಿಟ್ಟುಹೋಗಿದೆ, ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿ ಎಂದು ಅರ್ಥ. ಗುಂಪು ಮೊದಲಿಗಿಂತ ಎರಡರಷ್ಟು ಬೆಳೆದಿದೆ. ವಾದವಂತೂ ಮೊದಲಿಗಿಂತ ಜೋರು. ರೋಬೋ ಅಡುಗೆಯವನಿಗೆ ಉಪ್ಪು ನೋಡುವುದು ಹೇಗೆ ಗೊತ್ತಾಗಬೇಕು, ನಕ್ಷತ್ರಗಳ ನಡುವಿನ ಕಥೆಗಳಲ್ಲಿ ಯಾರಿಗೂ ಯಾಕೆ ನೆಗಡಿ ಬರುವುದಿಲ್ಲ, ಯಾವುದಕ್ಕೂ ಬರವಿಲ್ಲ.

ಈ ವರ್ಷ ಮೊದಲ ಸಲ ಅವರೆಲ್ಲ ಮುಖಾಮುಖಿ ಸೇರಿದರು, ಮೇಷ್ಟ್ರ ಶಾಲೆಯ ಸಭಾಂಗಣದಲ್ಲಿ. ವೇದಿಕೆಯ ಹಿಂದಿನ ಪರದೆ ಹೊಲಿದವರು ಎಳೆಯಕ್ಕ. ಕಪ್ಪು ಬಟ್ಟೆಯ ಮೇಲೆ ಕೆಂಪು ಬಟ್ಟೆಯ ‘ಳ’, ಆಳೆತ್ತರದ್ದು. ಮಂಗಳಕ್ಕೆ ಮೊದಲು ಹೋಗಬೇಕಾದವರು ಯಾರು ಎಂಬುದೇ ವಿಷಯ. ಒಂದು ಕಡೆ ಎಳೆಯಕ್ಕ, ಇನ್ನೊಂದು ಕಡೆ ಕ್ರೇನ್ ಮಾವ. ಕುರ್ಚಿ ಸಾಲದೆ ಜನ ಕಿಟಕಿಯ ಮೇಲೂ ಹತ್ತಿ ಕೂತಿದ್ದರು. ಕೈ ಎತ್ತಿಸಿದಾಗ ಗೆದ್ದದ್ದು ಕ್ರೇನ್ ಮಾವ. ಅವರು ಆ ಗೆಲುವಿಗೆ ಕೈಮುಗಿದು, ಮೈಕಿನಲ್ಲಿ ಒಂದೊಂದೇ ಅಕ್ಷರ ಒತ್ತಿ, “ಮಂ-ಗ-ಳ ಪಕ್ಷದ ಎಲ್ಲರಿಗೂ ನಮಸ್ಕಾರ” ಎಂದರು. ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವರು ಸೋತವರೇ.

“ಸೋತೆ, ಅದಕ್ಕೇನೀಗ?” ಎನ್ನುತ್ತಾರೆ ಕೋಟಿನ ಕೊನೆಯ ನೂಲು ಎಳೆಯುತ್ತ. “ನಾನು ಸೋಲೋದು ನೋಡೋಕೆ ಅಷ್ಟೂ ಜನ ಬಂದಿದ್ರು. ಮುಂದಿನ ವರ್ಷ ಗೆಲ್ತೀನಿ.”

ನಿಮಗೇನಾದರೂ ಆಸೆ ಇದೆಯಾ ಎಂದು ಕೇಳಿದೆ. ಮಂಗಳಕ್ಕೆ ಹೋಗುವವರ ಉಡುಪು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕಂತೆ, ಎಲ್ಲಾದರೂ ಹೊಲಿಗೆ ಬಿಟ್ಟಿದೆಯಾ ಎಂದು. ಇಷ್ಟು ಹೇಳಿ ಅವರೇ ನಾಚಿದರು. ನಾನು ಹೊರಡಲು ಎದ್ದಾಗ, ನನ್ನ ತಲೆ ಮೆಟ್ಟಿಲಿಗೆ ತಾಗದಂತೆ ಕೈ ಅಡ್ಡ ಹಿಡಿದು ಹೇಳಿದರು.

“ಪೇಪರಲ್ಲಿ ಹಾಕೋ ಮೊದಲು ಮಂಗಳ ಅಂತ ಇರೋ ಕಡೆಯೆಲ್ಲ ಳ ಇದೆಯಾ ಒಂದ್ಸಲ ನೋಡ್ಬಿಡಿ. ಕೊನೆಯಿಂದ ನೋಡ್ಕೊಂಡು ಬನ್ನಿ.”

ಕೊನೆಯಿಂದಲೇ ನೋಡಿಕೊಂಡು ಬಂದೆ ಎಳೆಯಕ್ಕ. ಒಂದು ಕಡೆ ಬಿಟ್ಟಿತ್ತು, ಹಾಕಿದ್ದೇನೆ.