ನಾವೆಯ ಎಂಜಿನ್ನಿನ ಎರಡು ಹೆಡ್ಡುಗಳು

ಯಡೂರಿನ ಕೆಳಗೆ ಕೃಷ್ಣೆಯಲ್ಲಿ ನಮ್ಮ ನಾವೆ ನಡೆಯುತ್ತಿತ್ತು. ಮಾವನವರು ಹುಟ್ಟು ಹಾಕಿ ದಾಟಿಸುತ್ತಿದ್ದರು. ಅವರ ನಂತರ ನನ್ನ ಗಂಡ ಅದಕ್ಕೊಂದು ಹಳೆಯ ಡೀಸೆಲ್ ಎಂಜಿನ್ ಕೂರಿಸಿದರು. ಎರಡು ಸಿಲಿಂಡರಿನದು, ಗಾಳಿಯಿಂದಲೇ ತಣ್ಣಗಾಗುವಂಥದು. ಹೊಳೆಯ ರಾಡಿ ನೀರು ಎಂಜಿನ್ನಿಗೆ ತಾಗುವುದಿಲ್ಲವೆಂದು ಅದನ್ನೇ ಹುಡುಕಿ ತಂದಿದ್ದರು. ಅವರು ಹಿಂದೆ ಎಂಜಿನ್ನಿನ ಹತ್ತಿರ, ನಾನು ಮುಂದೆ ಗಳ ಹಿಡಿದು. ನಮ್ಮ ಸಂಸಾರ ಹೆಚ್ಚೂಕಡಿಮೆ ಅಷ್ಟೇ ಅಂತರದಲ್ಲಿ ಸಾಗಿತು.

ಆ ವರ್ಷ ಮಹಾಪೂರ ಇಳಿದ ಮೇಲೆ ಎಂಜಿನ್ ಚಾಲೂ ಆಗುವುದೇ ಕಷ್ಟವಾಯಿತು. ಹ್ಯಾಂಡಲ್ ತಿರುಗಿಸಿ ಅವರ ರಟ್ಟೆ ಸೋಲುತ್ತಿತ್ತು. ಚಾಲೂ ಆದರೂ ಬಿಳಿ ಹೊಗೆ ಉಗುಳುತ್ತ, ನಡುಹೊಳೆಯಲ್ಲಿ ದಮ್ಮು ಕಟ್ಟಿದವರಂತೆ ಏದುತ್ತಿತ್ತು. ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಅಲ್ಯುಮಿನಿಯಂ ಹೆಡ್ಡುಗಳನ್ನು ಬಿಚ್ಚಿದೆವು. ಗಾಳಿ ಆಡಲೆಂದು ಅವಕ್ಕೆ ಸುತ್ತಲೂ ಪದರು ಪದರಾಗಿ ರೆಕ್ಕೆಗಳಿರುತ್ತವೆ. ಆ ಸಂದುಗಳಲ್ಲಿ ಮಹಾಪೂರದ ಹೂಳು ಕಲ್ಲಿನಂತೆ ಕೂತಿತ್ತು. ಕಡ್ಡಿಯಿಂದ ಕೆದರಿ ತೊಳೆದೆ. ಎರಡನ್ನೂ ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಚಿಕ್ಕೋಡಿಗೆ ಹೋದೆವು.

ಮಿಸ್ತ್ರಿ ಹೆಡ್ಡಿಗೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿಗೆ ಒಂದರಲ್ಲಿ ಎರಡು ವಾಲ್ವುಗಳ ನಡುವೆ ಕೂದಲಿನಷ್ಟು ಸಣ್ಣ ಗೆರೆ ಒದ್ದೆಯಾಗಿ ಮೂಡಿತು.

"ಇದು ಸೀಳೈತ್ರಿ. ಇನ್ನೊಂದು ಸೀಳಿಲ್ಲ, ಆದ್ರ ವಾಲ್ವ್ ಕೂಡೂ ಸೀಟ್ ಪೂರಾ ಸವದಾವು. ಎರಡೂ ಹೊಸಾವು ಹಾಕ್ರಿ."

"ಸಿಗ್ತಾವೇನ್ರಿ?" ನನ್ನ ಗಂಡ ಕೇಳಿದರು.

"ಈ ಮಾಡಲ್ ಬಂದ್ ಆಗಿ ಭಾಳ ವರ್ಷಾತು. ನಿಪ್ಪಾಣ್ಯಾಗ ಬ್ಯಾರೆ ಕಂಪನಿದು ಸಿಗಬಹುದು."

"ವೆಲ್ಡಿಂಗ್ ಮಾಡಿದ್ರ?"

ಮಿಸ್ತ್ರಿ ನನ್ನ ಕಡೆ ನೋಡಿದರು. "ಬಾವಿ ಪಂಪಿನ ಎಂಜಿನ್ ಆಗಿದ್ರ ಮಾಡೂನು ಅಂತಿದ್ದೆ ಅಕ್ಕಾರ. ನೀವು ಮಂದೀನ ಕೂಡಿಸ್ಕೊಂಡು ಹೊಳಿ ದಾಟ್ತೀರಿ."

ನಿಪ್ಪಾಣಿಗೂ ಹೋದೆವು. ಅಂಗಡಿಯವರು ತೋರಿಸಿದ ಹೊಸ ಹೆಡ್ಡುಗಳ ಬೋಲ್ಟಿನ ತೂತುಗಳು ನಮ್ಮ ಹಳೆಯವಕ್ಕೆ ಸರಿಹೊಂದಿದವು. ಆದರೆ ನಮ್ಮ ಎಂಜಿನ್ನಿನ ಅಳತೆಗೆ ಅಕ್ಕಪಕ್ಕ ಇಟ್ಟರೆ ನಡುವೆ ರೆಕ್ಕೆಗೆ ರೆಕ್ಕೆ ಬಡಿಯುತ್ತಿತ್ತು. ನನ್ನ ಗಂಡ ತಿರುಗಿಸಿ ತಿರುಗಿಸಿ ಇಟ್ಟು ನೋಡಿದರು. ಕೊನೆಗೆ ಅಂಗಡಿಯವರೇ ಅವನ್ನು ಡಬ್ಬಿಯೊಳಗೆ ಹಾಕಿಕೊಂಡರು.

ಬಸ್ ಸ್ಟ್ಯಾಂಡಿನಲ್ಲಿ ನಾನೇ ಮಾತು ತೆಗೆದೆ. "ಪೂರಾ ಎಂಜಿನ್ ಬದಲಿ ಮಾಡೂನೇನ್ರಿ?"

"ಮ್ಯಾಲ ಸೇತುವೆ ಕಂಬ ಎದ್ದಾವ. ಹೊಸಾದು ತಂದು ಯಾರನ್ನ ದಾಟಸೂದು?"

"ಹಂಗಾರ ನಿಲ್ಲಿಸಿಬಿಡೂನು."

"ಸೇತುವೆ ಆಗೂತನಕ ಮಂದಿ ಏನ್ ಈಜಿ ಹೋಗ್ತಾರೇನ?" ಎಂದರು. ಸಿಟ್ಟಿರಲಿಲ್ಲ. ನಿಲ್ಲಿಸಿದರೆ ತಾವು ಏನಾಗಿ ಉಳಿಯಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಿಸ್ತ್ರಿ ಬೇಡವೆಂದಿದ್ದರೂ ವೆಲ್ಡಿಂಗ್ ಮಾಡಿಸಿದೆವು. ವಾಲ್ವ್ ಕೂರುವಲ್ಲಿ ಬಳೆಯಂಥ ಹೊಸ ಸೀಟು ಹೊಡೆಸಿ, ಬಿಗಿಯಾಗಿ ಕೂರುವಂತೆ ವಾಲ್ವ್ ತಿಕ್ಕಿಸಿದೆವು. ಕೂರಿಸಿದ ದಿನ ಎಂಜಿನ್ ಒಂದೇ ಏಟಿಗೆ ಚಾಲೂ ಆಯಿತು. ಹೊಗೆಯಿಲ್ಲ. ಅವರು ಹಿಂದಿನಿಂದ ನನಗೆ ಕೈ ಮಾಡಿ ನಕ್ಕರು. ಮಿಸ್ತ್ರಿ ಹೆದರಿಸಿದ್ದು ಸುಳ್ಳೆಂದು ನಾನೂ ನಂಬಿಬಿಟ್ಟೆ.

ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ಅದು ಆಯಿತು. ಮುಂಜಾನೆ, ನಾವೆ ತುಂಬ ಜನ. ನಡುಹೊಳೆಯಲ್ಲಿ ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದಂಥ ಸದ್ದು, ಮತ್ತೆ ಮತ್ತೆ, ಆಮೇಲೆ ಏನೂ ಇಲ್ಲ. ಹೊಸದಾಗಿ ಹೊಡೆಸಿದ್ದ ಸೀಟು ಸಡಿಲಾಗಿ ಸಿಲಿಂಡರಿನೊಳಗೆ ಬಿದ್ದು ಎಂಜಿನ್ ಜಾಮ್ ಆಗಿತ್ತು. ನಾವೆ ಅಡ್ಡ ತಿರುಗಿ ಹರಿವಿನ ಕೂಡ ಹೊರಟಿತು. ಗಳ ಊರಿದೆ, ತಳ ಸಿಗಲಿಲ್ಲ. ಅವರು ಹುಟ್ಟು ಹಿಡಿದು ಬಂದರು. ಯಾರೋ "ವೀರಭದ್ರಾ" ಎಂದು ಕೂಗಿದರು. ಬಹಳ ದೂರ ಹೋದ ಮೇಲೆ ಉಸುಕಿನ ದಿಬ್ಬ ತಾಗಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಸೀರೆ ಎತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬೊಬ್ಬರೇ ಇಳಿದು ಹೋದರು. ಮೊಸರು ಮಾರುವ ಆಯಿ, ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ನಾವೆಯಲ್ಲೇ ದಾಟುತ್ತಿದ್ದವಳು, ನನ್ನ ಕೈ ಹಿಡಿದು, "ಇನ್ನ ನಾ ಸುತ್ತ ಹಾಕಿ ಬಸ್ಸಿಗೇ ಹೋಗ್ತೀನಿ ಯವ್ವಾ, ತಪ್ಪ ತಿಳ್ಕೋಬ್ಯಾಡ" ಅಂದಳು. ನನ್ನ ಗಂಡ ಬೆನ್ನು ತಿರುಗಿಸಿಕೊಂಡು ಎಂಜಿನ್ನಿನ ಮೇಲೆ ಕೈ ಇಟ್ಟು ನಿಂತಿದ್ದರು. ಅದು ಇನ್ನೂ ಬಿಸಿಯಿದ್ದಿರಬೇಕು. ಕೈ ತೆಗೆಯಲಿಲ್ಲ.

ಬಿಚ್ಚಿ ನೋಡಿದರೆ ಪಿಸ್ಟನ್ ಒಡೆದಿತ್ತು, ಸಿಲಿಂಡರ್ ಗೀರಿಹೋಗಿತ್ತು. ರಿಪೇರಿಯೋ ಬದಲಿಯೋ ಎಂದು ಕೇಳುವಂಥದೇನೂ ಉಳಿದಿರಲಿಲ್ಲ.

"ಎರಡೂ ಹೊಸಾವು ಸಿಕ್ಕಿದ್ದರ ನಡೀತಿತ್ತೇನ?" ಎಂದು ಅವರು ಒಮ್ಮೆ ಕೇಳಿದರು.

"ಗೊತ್ತಿಲ್ರಿ" ಎಂದೆ. ನಡೆಯುತ್ತಿತ್ತು ಎಂದರೂ, ಇಲ್ಲ ಎಂದರೂ ಅವರಿಗೆ ಸಮಾಧಾನವಾಗುತ್ತಿರಲಿಲ್ಲ.

ಈಗ ಅವರು ಸಕ್ಕರೆ ಕಾರ್ಖಾನೆಯಲ್ಲಿ ಕಾವಲಿಗೆ ಹೋಗುತ್ತಾರೆ, ನಾನು ಕಬ್ಬಿನ ಕಸ ತೆಗೆಯಲು ಹೋಗುತ್ತೇನೆ. ಸೇತುವೆಯ ಕಂಬಗಳು ಕಂಬಗಳಾಗಿಯೇ ನಿಂತಿವೆ. ಗೊತ್ತಿಲ್ಲದ ಯಾರಾದರೂ ಆ ದಂಡೆಗೆ ಬಂದು, "ಏ ನಾವಿಯವರ!" ಎಂದು ಕೂಗುತ್ತಾರೆ. ನನ್ನ ಗಂಡ ಮನೆಯಲ್ಲಿದ್ದರೆ ಎದ್ದು ಹೋಗಿ, ಈ ದಂಡೆಯಲ್ಲಿ ನಿಂತು, ಇಲ್ಲ ಎಂದು ಕೈ ಅಲ್ಲಾಡಿಸುತ್ತಾರೆ. ಆ ಕಡೆಯವರಿಗೆ ಅದು ಬರುತ್ತೇನೆ ಎಂದಂತೆ ಕಾಣುತ್ತದೋ ಏನೋ, ಕಾಯುತ್ತ ಕೂತುಬಿಡುತ್ತಾರೆ.